ಬಾರ್‌ಕೋಡೋ, ಆರ್‌ಎಫ್‌ಐಡಿಯೋ? ನಿಮ್ಮ ಮಷೀನು, ಸಾಮಾನಿನ ಲೆಕ್ಕಕ್ಕೆ ಯಾವುದು ಹೊಂದುತ್ತದೆ

ಬಳ್ಳಾರಿ ಕೌಲ್‌ಬಜಾರ್ ಕಡೆಯ ಒಂದು ಜೀನ್ಸ್ ಯೂನಿಟ್. ಯಜಮಾನರು ಪುಸ್ತಕ ಬಿಚ್ಚಿ ನನ್ನ ಮುಂದೆ ಇಟ್ಟರು. ಹೊಲಿಗೆ ಮಷೀನು 64 ಎಂದು ಬರೆದಿತ್ತು. ಇಬ್ಬರೂ ಸಾಲು ಹಿಡಿದು ಎಣಿಸಿದೆವು. ಯೂನಿಟ್‌ನಲ್ಲಿ ಸಿಕ್ಕಿದ್ದು 41. ಜಾಬ್‌ವರ್ಕ್‌ಗೆ (ಮನೆಯಲ್ಲೇ ಹೊಲಿದು ಕೊಡಲು) ಕೊಟ್ಟ ಮನೆಗಳಿಗೆಲ್ಲ ಫೋನ್ ಮಾಡಿ ಕೇಳಿದಾಗ ಇನ್ನು 17. ಉಳಿದ ಆರು ಎಲ್ಲಿ?

"ಎಲ್ಲಿಗೂ ಹೋಗಿರಂಗಿಲ್ರಿ, ಯಾರದೋ ಮನ್ಯಾಗ ಅದಾವು. ಯಾರ ಮನ್ಯಾಗ ಅನ್ನೋದ ಗೊತ್ತಾಗವಲ್ದು" ಅಂದರು.

ನಾನು ಬಗ್ಗಿ ಒಂದು ಮಷೀನಿನ ಪಕ್ಕ ನೋಡಿದೆ. ಪೇಂಟ್‌ನಲ್ಲಿ ಬರೆದ ನಂಬರಿಗೆ ಮಷೀನ್ ಎಣ್ಣೆ ಹರಿದು, ಅದು 3 ಇದೆಯೋ 8 ಇದೆಯೋ ತಿಳಿಯುತ್ತಿರಲಿಲ್ಲ. ಒಂದು ಮಷೀನಿಗೆ ಹತ್ತಾರು ಸಾವಿರ ರೂಪಾಯಿ. ಅದರ ಗುರುತು ಮಾತ್ರ ಒಂದು ಪೇಂಟ್ ಗೀಟು.

ಸ್ಕ್ಯಾನರ್, ಲೇಬಲ್ ಪ್ರಿಂಟರ್ ಕೂರಿಸಿಕೊಡುವುದು ನನ್ನ ಕೆಲಸ. ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಕಡೆ ಓಡಾಡುತ್ತೇನೆ. ಈಗ ಎಲ್ಲರೂ ಕೇಳುವುದು ಒಂದೇ: "ಬಾರ್‌ಕೋಡ್ ಹಾಕಿಸಲೋ, ಆರ್‌ಎಫ್‌ಐಡಿ ಹಾಕಿಸಲೋ?" ಆರ್‌ಎಫ್‌ಐಡಿ ಅಂದರೆ ರೇಡಿಯೋ ಅಲೆಯಿಂದ ದೂರದಿಂದಲೇ ಓದುವ ಗುರುತು. ನಾನು ತಿರುಗಿ ಇನ್ನೊಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಸಾಮಾನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವಾಗ, ಅದನ್ನು ಒಬ್ಬ ಮನುಷ್ಯ ಕೈಯಲ್ಲಿ ಹಿಡಿದು ಕಣ್ಣಲ್ಲಿ ನೋಡುತ್ತಾನಾ? ನೋಡುವುದಾದರೆ ಬಾರ್‌ಕೋಡ್ ಸಾಕು. ಯಾರೂ ಒಂದೊಂದಾಗಿ ನೋಡದೆ ರಾಶಿಯಾಗಿ, ಗಾಡಿಯಾಗಿ ದಾಟಿ ಹೋಗುವುದಾದರೆ ಆರ್‌ಎಫ್‌ಐಡಿ ಬಗ್ಗೆ ಯೋಚಿಸಬೇಕು. ಮುಂದೆ ಹೇಳುವುದೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇದೆ.

ಎರಡೂ ಹೇಗೆ ಕೆಲಸ ಮಾಡುತ್ತವೆ

ಎರಡನ್ನೂ ನೀವು ದಿನಾ ನೋಡುತ್ತೀರಿ. ಅಂಗಡಿಯ ಸೋಪಿನ ಮೇಲಿನ ಕಪ್ಪು ಗೆರೆ ಬಾರ್‌ಕೋಡ್. 1974ರ ಜೂನ್ 26ರಂದು ಅಮೆರಿಕದ ಓಹಾಯೋ ರಾಜ್ಯದ ಟ್ರಾಯ್ ಊರಿನಲ್ಲಿ ಒಂದು ಚ್ಯೂಯಿಂಗ್ ಗಮ್ ಪ್ಯಾಕೆಟ್ ಸ್ಕ್ಯಾನ್ ಮಾಡಿದಾಗಿನಿಂದ ಇದು ಅಂಗಡಿಗಳಿಗೆ ಬಂತು. ಫೋನ್‌ಪೇ ಮಾಡುವಾಗ ಸ್ಕ್ಯಾನ್ ಮಾಡುವ ಚೌಕದ ಕ್ಯೂಆರ್ ಕೂಡ ಅದೇ ಜಾತಿ. ಆದರೆ ಕ್ಯೂಆರ್ ಹುಟ್ಟಿದ್ದು ದುಡ್ಡು ಕಳಿಸಲು ಅಲ್ಲ. 1994ರಲ್ಲಿ ಜಪಾನಿನ ಡೆನ್ಸೊ ವೇವ್ ಕಂಪನಿ ಕಾರಿನ ಬಿಡಿಭಾಗಗಳ ಲೆಕ್ಕ ಇಡಲು ಅದನ್ನು ಮಾಡಿತು. ಅಂದರೆ ನಮ್ಮ ಈ ಕೆಲಸಕ್ಕೇ ಹುಟ್ಟಿದ್ದು. ದನಗಳ ಕಿವಿಗೆ ಹಾಕುವ ಹಳದಿ ಓಲೆಯಲ್ಲೂ 12 ಅಂಕಿಯ ನಂಬರಿನ ಜೊತೆ ಬಾರ್‌ಕೋಡ್ ಇರುತ್ತದೆ, ನೋಡಿರುತ್ತೀರಿ.

ಆರ್‌ಎಫ್‌ಐಡಿಗೆ ನಿಮಗೆ ಗೊತ್ತಿರುವ ಉದಾಹರಣೆ ಫಾಸ್ಟ್ಯಾಗ್. ಹೊಸಪೇಟೆ ಕಡೆ ಹೋಗುವಾಗ ಟೋಲ್‌ನಲ್ಲಿ ಯಾರೂ ನಿಮ್ಮ ಸ್ಟಿಕ್ಕರ್ ಹತ್ತಿರ ಬಂದು ನೋಡುವುದಿಲ್ಲ. ಮೇಲಿರುವ ರೀಡರ್ ರೇಡಿಯೋ ಅಲೆ ಬಿಡುತ್ತದೆ. ಆ ಅಲೆಯಿಂದಲೇ ಶಕ್ತಿ ತೆಗೆದುಕೊಂಡು ಸ್ಟಿಕ್ಕರ್ ಒಳಗಿನ ಚಿಪ್ ತನ್ನ ನಂಬರು ಹೇಳುತ್ತದೆ. ಬ್ಯಾಟರಿ ಬೇಡ, ಎದುರಿಗೆ ಕಾಣಬೇಕೆಂದೂ ಇಲ್ಲ. ಒಂದೇ ಸಲಕ್ಕೆ ನೂರಾರು ಟ್ಯಾಗ್ ಓದಬಹುದು.

ಒಂದು ವ್ಯತ್ಯಾಸ ಮರೆಯಬೇಡಿ. ಬಾರ್‌ಕೋಡ್ ಹರಿದರೆ ಕಣ್ಣಿಗೆ ಕಾಣುತ್ತದೆ. ಆರ್‌ಎಫ್‌ಐಡಿ ಟ್ಯಾಗ್ ಸತ್ತರೆ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ, ಅದು ಸುಮ್ನೆ ಓದುವುದು ನಿಲ್ಲಿಸುತ್ತದೆ. ಅದಕ್ಕೇ ಆರ್‌ಎಫ್‌ಐಡಿ ಹಾಕಿಸಿದರೂ ಟ್ಯಾಗ್ ಮೇಲೆ ನಂಬರು ಮತ್ತು ಕ್ಯೂಆರ್ ಪ್ರಿಂಟ್ ಮಾಡಿಸಲೇಬೇಕು.

ಮೊದಲ ಹೆಜ್ಜೆ: ಯಾವುದಕ್ಕೆ ಗುರುತು ಬೇಕು, ಯಾವುದಕ್ಕೆ ಬೇಡ

ಒಂದು ನೋಟ್‌ಬುಕ್ ಹಿಡಿದು ನೀವೇ ಸುತ್ತಾಡಿ. ಗುಮಾಸ್ತರನ್ನು ಕಳಿಸಬೇಡಿ. ಇರುವುದನ್ನೆಲ್ಲ ಮೂರು ಪಾಲು ಮಾಡಿ. ವರ್ಷಗಟ್ಟಲೆ ಉಳಿಯುವ ಮಷೀನು, ಮೋಟಾರು, ಕಂಪ್ಯೂಟರು, ತೂಕದ ಯಂತ್ರ ಒಂದು ಪಾಲು. ಹೋಗಿ ವಾಪಸ್ ಬರುವ ಕ್ರೇಟು, ಸಿಲಿಂಡರು, ಬಾಡಿಗೆ ಸಾಮಾನು ಇನ್ನೊಂದು. ಬಂದು ಖರ್ಚಾಗುವ ದಾರ, ಸೂಜಿ, ಖಾಲಿ ಚೀಲ ಮೂರನೆಯದು. ಮೂರನೆಯದನ್ನು ಈ ಪಟ್ಟಿಯಿಂದ ಹೊರಗಿಡಿ. ಅದು ಸ್ಟಾಕ್ ಲೆಕ್ಕ, ಅದರ ದಾರಿಯೇ ಬೇರೆ.

ಗಂಗಾವತಿಯಲ್ಲಿ ಸೆಂಟ್ರಿಂಗ್ ಸಾಮಾನು ಬಾಡಿಗೆಗೆ ಕೊಡುವವರೊಬ್ಬರು ಪ್ರತಿ ಶೀಟಿಗೂ ಆರ್‌ಎಫ್‌ಐಡಿ ಹಾಕಿಸಬೇಕೆಂದು ನನ್ನನ್ನು ಕರೆಸಿದ್ದರು. ಕಬ್ಬಿಣದ ಶೀಟು, ಒಂದರ ಮೇಲೊಂದು ಪೇರಿಸಿದ್ದು. ಮೇಲೆ ಒಣಗಿದ ಸಿಮೆಂಟು. ಲಾರಿಯಿಂದ ಇಳಿಸುವಾಗ ದಡದಡ ಎಸೆಯುತ್ತಾರೆ. ಕಬ್ಬಿಣದ ನಡುವೆ ಸಿಕ್ಕಿಕೊಂಡ ಟ್ಯಾಗ್ ಓದುವುದೇ ಇಲ್ಲ. ಬಾರ್‌ಕೋಡ್ ಅಂಟಿಸಿದರೆ ಒಂದೇ ಸ್ಲ್ಯಾಬಿಗೆ ಕಿತ್ತು ಹೋಗುತ್ತದೆ. "ಶೀಟಿಗೆ ಎರಡೂ ಬೇಡ ಅಣ್ಣ" ಎಂದೆ. ಶೀಟು, ಜಾಕಿಗೆ ಅಂಗಡಿ ಗುರುತು ವೆಲ್ಡ್ ಮಾಡಿಸಿ, ಎಣಿಕೆ ಚಲನ್ ಮೇಲೆ ಇಟ್ಟರೆ ಸಾಕು. ಆದರೆ ಕಾಂಕ್ರೀಟ್ ಮಿಕ್ಸರ್, ವೈಬ್ರೇಟರ್, ಕಟಿಂಗ್ ಮಷೀನಿಗೆ ಒಂದೊಂದಕ್ಕೂ ಗುರುತು ಬೇಕು. ಅವರ ನಷ್ಟ ಇದ್ದದ್ದೂ ಅಲ್ಲೇ. ಒಬ್ಬರ ಸೈಟಿನಿಂದ ಮೋಟಾರು ಬದಲಾದ ವೈಬ್ರೇಟರ್ ವಾಪಸ್ ಬಂದರೂ ಯಾರಿಂದ ಬಂತೆಂದು ಹೇಳುವಂತಿರಲಿಲ್ಲ.

ಎರಡನೆಯ ಹೆಜ್ಜೆ: ಕೈ ಬದಲಾಗುವ ಜಾಗ ಹುಡುಕಿ

ಪಟ್ಟಿ ಆದ ಮೇಲೆ ಒಂದು ವಾರ ಸುಮ್ಮನೆ ಗಮನಿಸಿ. ಸಾಮಾನು ಎಲ್ಲಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತದೆ? ಆಗ ಅಲ್ಲಿ ಯಾರಿರುತ್ತಾರೆ? ಅವರ ಕೈ ಖಾಲಿ ಇರುತ್ತದಾ? ಅವರ ಹತ್ತಿರ ಒಳ್ಳೆಯ ಫೋನ್ ಇದೆಯಾ? ರಾತ್ರಿ ಪಾಳಿಯಲ್ಲಿ ಯಾರಿರುತ್ತಾರೆ?

ಜೀನ್ಸ್ ಯೂನಿಟ್‌ನಲ್ಲಿ ಮಷೀನು ಹೊರಗೆ ಹೋಗುವುದು ತಿಂಗಳಿಗೆ ನಾಲ್ಕೈದು ಸಲ, ಆಟೋದಲ್ಲಿ. ಇಬ್ಬರು ಎತ್ತಿ ಇಡಬೇಕು. ಆಗ ಫೋನ್ ಹಿಡಿದು ಒಂದು ಸ್ಕ್ಯಾನ್ ಮಾಡಲು ಎಷ್ಟು ಹೊತ್ತು? ಇಲ್ಲಿ ಆರ್‌ಎಫ್‌ಐಡಿ ಗೇಟು ಕೂರಿಸುವುದು ದುಡ್ಡು ಹಾಳು.

ಈಗ ರೈಸ್ ಮಿಲ್ ನೋಡಿ. ಕಾರಟಗಿ, ಸಿಂಧನೂರು, ಸಿರುಗುಪ್ಪ ಕಡೆ ಸುಗ್ಗಿಯಲ್ಲಿ ಭತ್ತದ ಲಾರಿ, ಟ್ರ್ಯಾಕ್ಟರುಗಳ ಸಾಲು ರಸ್ತೆವರೆಗೆ ನಿಂತಿರುತ್ತದೆ. ಮಿಲ್ಲಿನವರದೇ ಗಾಡಿಗಳು ದಿನಕ್ಕೆ ಹತ್ತಾರು ಸಲ ತೂಕದ ಸೇತುವೆ (ವೇಬ್ರಿಡ್ಜ್) ಹತ್ತಿ ಇಳಿಯುತ್ತವೆ. ಡ್ರೈವರ್ ಕೆಳಗಿಳಿಯುವುದಿಲ್ಲ. ತೂಕ ಬರೆಯುವ ಹುಡುಗ ಕಿಟಕಿಯಿಂದ ಗಾಡಿ ನಂಬರು ಕೇಳಿ ಟೈಪ್ ಮಾಡುತ್ತಾನೆ, ಒಂದು ಅಂಕಿ ತಪ್ಪಿದರೆ ಒಂದು ಗಾಡಿಯ ತೂಕ ಇನ್ನೊಂದರ ಖಾತೆಗೆ. ಇಲ್ಲಿ ಗಾಜಿನ ಮೇಲೆ ಒಂದು ಟ್ಯಾಗ್, ಸೇತುವೆ ಪಕ್ಕ ಒಂದು ರೀಡರ್ ಕೂರಿಸಿದರೆ ನಿಜವಾಗಿ ಉಪಯೋಗ ಇದೆ. ಗಾಡಿಯನ್ನು ಹೇಗೂ ಅಲ್ಲಿ ನಿಲ್ಲಿಸುತ್ತಾರೆ, ಒಂದೇ ದಾರಿ, ಒಂದೇ ಸಲ ಒಂದೇ ಗಾಡಿ. ಆರ್‌ಎಫ್‌ಐಡಿಗೆ ಇದಕ್ಕಿಂತ ಹೊಂದುವ ಜಾಗ ನಮ್ಮ ಕಡೆ ನಾನು ಕಂಡಿಲ್ಲ.

ಮೂರನೆಯ ಹೆಜ್ಜೆ: ಮೇಲ್ಮೈ, ಬಿಸಿಲು, ಧೂಳು, ನೀರು

ಹೆಚ್ಚು ಜನ ಸೋಲುವುದು ಇಲ್ಲೇ. ಬೆಂಗಳೂರಿನ ಎಸಿ ಆಫೀಸಿನಲ್ಲಿ ತೋರಿಸಿದ ಡೆಮೊ ರಾಯಚೂರಿನ ಬೇಸಿಗೆಯಲ್ಲಿ ನಡೆಯುತ್ತದೆಂದು ನಂಬಬೇಡಿ.

ಮೊದಲು ಕಬ್ಬಿಣದ ಮಾತು. ಫಾಸ್ಟ್ಯಾಗನ್ನು ಗಾಜಿಗೆ ಯಾಕೆ ಅಂಟಿಸುತ್ತಾರೆ, ಬಾನೆಟ್ ಮೇಲೆ ಯಾಕಿಲ್ಲ? ಲೋಹ ರೇಡಿಯೋ ಅಲೆಯನ್ನು ತಿರುಗಿಸಿ ಹೊಡೆಯುತ್ತದೆ. ಸಾಮಾನ್ಯ ಟ್ಯಾಗನ್ನು ಕಬ್ಬಿಣಕ್ಕೆ ನೇರ ಅಂಟಿಸಿದರೆ ಅದರ ಆಂಟೆನಾ ಕೆಲಸವೇ ಮಾಡುವುದಿಲ್ಲ. ಲೋಹಕ್ಕೆಂದೇ ಮಾಡಿದ ದಪ್ಪ ಟ್ಯಾಗ್ ಬೇರೆ ಬರುತ್ತದೆ, ಆನ್‌ಮೆಟಲ್ ಟ್ಯಾಗ್ ಅನ್ನುತ್ತಾರೆ. ಅದು ಚೆನ್ನಾಗಿ ಓದುತ್ತದೆ, ಆದರೆ ಬೆಲೆ ಹತ್ತಾರು ಪಟ್ಟು ಜಾಸ್ತಿ. ಗಿಣಿಗೇರಿ, ತೋರಣಗಲ್ ಕಡೆಯ ವರ್ಕ್‌ಶಾಪ್‌ಗಳಲ್ಲಿ ಮೋಟಾರು, ಚೈನ್‌ಬ್ಲಾಕು, ವೆಲ್ಡಿಂಗ್ ಸೆಟ್ಟು ಎಲ್ಲವೂ ಲೋಹವೇ. ಕೊಟೇಶನ್‌ನಲ್ಲಿ ಟ್ಯಾಗ್ ಬೆಲೆ ಅಗ್ಗವಾಗಿ ಕಂಡರೆ, ಅದು ಯಾವ ಟ್ಯಾಗ್ ಎಂದು ಮೊದಲು ಕೇಳಿ.

ನೀರು ಅಲೆಯನ್ನು ಹೀರುತ್ತದೆ. ಜೀನ್ಸ್ ವಾಶಿಂಗ್ ಯೂನಿಟ್‌ನಲ್ಲಿ ಇದನ್ನು ಕಣ್ಣಾರೆ ಕಂಡೆ. ಬಟ್ಟೆ ಒಗೆಯಲೆಂದೇ ಮಾಡಿದ ಟ್ಯಾಗ್‌ಗಳಿವೆ, ಬಿಸಿನೀರು, ಡ್ರೈಯರ್ ಎಲ್ಲ ತಡೆಯುತ್ತವೆ. ಒಂದು ಲಾಟ್ ಪ್ಯಾಂಟಿನ ಸೊಂಟಪಟ್ಟಿಯಲ್ಲಿ ಅವನ್ನು ಸಿಕ್ಕಿಸಿ ಪರೀಕ್ಷೆ ಮಾಡಿದೆವು. ಡ್ರಮ್ಮಿನಿಂದ ತೆಗೆದ ಹಸಿ ರಾಶಿಯ ಮೇಲೆ ರೀಡರ್ ಹಿಡಿದಾಗ ಮೇಲಿನ ಕೆಲವು ಮಾತ್ರ ಓದಿದವು. ಅದೇ ರಾಶಿ ಡ್ರೈಯರ್‌ನಿಂದ ಹೊರಬಂದ ಮೇಲೆ ಟ್ರಾಲಿ ಮೇಲೆ ಒಂದು ಸುತ್ತು ಕೈಯಾಡಿಸಿದರೆ ಸಾಕಾಯಿತು. ಟ್ಯಾಗ್ ಕೆಟ್ಟಿರಲಿಲ್ಲ, ಓದುವ ಜಾಗ ತಪ್ಪಾಗಿತ್ತು. ಎಣಿಕೆಯನ್ನು ಒಣಗಿಸಿದ ಮೇಲಕ್ಕೆ ಸರಿಸಿದೆವು. ಬಾರ್‌ಕೋಡ್ ಚೀಟಿ ಇಲ್ಲಿ ನಡೆಯುವುದೇ ಇಲ್ಲ, ಬಣ್ಣ ಮಾಸಿಸಲು ಹಾಕುವ ಕಲ್ಲಿನ ಜೊತೆ ಉರುಳುವ ಡ್ರಮ್ಮಿನಲ್ಲಿ ಕಾಗದ ಹಿಟ್ಟಾಗಿ ಹೋಗುತ್ತದೆ.

ಭತ್ತದ ಚೀಲದ ಲಾಟಿನಲ್ಲೂ ಹಾಗೇ. ತೇವ ಇರುವ ಭತ್ತ, ಒತ್ತಿ ಪೇರಿಸಿದ ಚೀಲ. ಹೊರಗಿನ ಸಾಲು ಓದಿದರೂ ಒಳಗಿನದು ಓದುತ್ತದೆಂಬ ಭರವಸೆ ಇಲ್ಲ. ಚೀಲಕ್ಕೊಂದು ಟ್ಯಾಗ್ ಬೇಡ. ಲಾಟಿಗೊಂದು ಬೋರ್ಡು, ಅದರ ಮೇಲೊಂದು ಕ್ಯೂಆರ್ ಸಾಕು.

ಇನ್ನು ಬಿಸಿಲು. ಅಂಗಡಿ ಬಿಲ್ಲು ಕಪ್ಪಗಾಗುವುದನ್ನು ನೋಡಿದ್ದೀರಲ್ವಾ? ಅದು ಶಾಖಕ್ಕೆ ಬಣ್ಣ ಬದಲಿಸುವ ಕಾಗದ. ಅದೇ ಕಾಗದದ ಲೇಬಲ್ ಬಂದರೆ ತಗಡಿನ ಶೆಡ್ಡಿನಲ್ಲಿ ಒಂದು ಬೇಸಿಗೆ ದಾಟುವುದಿಲ್ಲ. ನಿಮಗೆ ಬೇಕಾದದ್ದು ರಿಬ್ಬನ್ ಹಾಕಿ ಪ್ರಿಂಟ್ ಮಾಡುವ ಥರ್ಮಲ್ ಟ್ರಾನ್ಸ್‌ಫರ್ ಪ್ರಿಂಟರು, ಪಾಲಿಯೆಸ್ಟರ್ ಲೇಬಲ್ಲು, ಮತ್ತು ರೆಸಿನ್ ರಿಬ್ಬನ್ನು. ಮೇಣದ ರಿಬ್ಬನ್ ಅಗ್ಗ, ಆದರೆ ಉಗುರಿನಿಂದ ಕೆರೆದರೆ ಉದುರುತ್ತದೆ. ಅಂಗಡಿಯವರ ಮುಂದೆಯೇ ಕೆರೆದು ನೋಡಿ, ಮಷೀನ್ ಎಣ್ಣೆ ಹಾಕಿ ಬಟ್ಟೆಯಲ್ಲಿ ಒರೆಸಿ ನೋಡಿ.

ಧೂಳಿನ ವಿಷಯದಲ್ಲಿ ಸಂಡೂರಿನ ಕಡೆಯವರಿಗೆ ಒಂದು ಮಾತು. ಗೆರೆ ಬಾರ್‌ಕೋಡ್ ಓದುವ ಹೆಚ್ಚಿನ ಸ್ಕ್ಯಾನರ್‌ಗಳ ಬೆಳಕು ಕೆಂಪು. ಕೆಂಪು ಬೆಳಕಿಗೆ ಕೆಂಪು ಬಣ್ಣವೂ ಬಿಳಿಯಂತೆ ಕಾಣುತ್ತದೆ. ಅದಿರಿನ ಕೆಂಧೂಳು ಕಪ್ಪು ಗೆರೆ ಮೇಲೆ ಕೂತರೆ ಗೆರೆ ಯಾವುದು, ಖಾಲಿ ಯಾವುದು ಸ್ಕ್ಯಾನರ್‌ಗೆ ತಿಳಿಯುವುದಿಲ್ಲ. ಒರೆಸಿ ಸ್ಕ್ಯಾನ್ ಮಾಡುವ ರೂಢಿ ಬೇಕು. ಇಂಥ ಕಡೆ ಗೆರೆ ಬಿಟ್ಟು ಕ್ಯೂಆರ್ ಹಾಕಿ, ಕ್ಯೂಆರ್ ಮಾಡುವಾಗ ಎಚ್ (H) ಮಟ್ಟದ ದೋಷ ತಿದ್ದುಪಡಿ ಆರಿಸಿ. ಆಗ ಚಿತ್ರದ ಸುಮಾರು 30% ಹಾಳಾದರೂ ನಂಬರು ಓದುತ್ತದೆ. ಗೆರೆ ಬಾರ್‌ಕೋಡಿಗೆ ಈ ಅನುಕೂಲ ಇಲ್ಲ.

ನಾಲ್ಕನೆಯ ಹೆಜ್ಜೆ: ದುಡ್ಡಿನ ಲೆಕ್ಕ

ನನಗೆ ಸಿಗುವ ಕೊಟೇಶನ್ ಆಧಾರದ ಮೇಲೆ ಹೇಳುತ್ತೇನೆ, ಅಂಗಡಿಯಿಂದ ಅಂಗಡಿಗೆ ಬೆಲೆ ಬದಲಾಗುತ್ತದೆ. 120 ಮಷೀನು ಇರುವ ಯೂನಿಟ್ ಎಂದುಕೊಳ್ಳಿ. ಪಾಲಿಯೆಸ್ಟರ್ ಲೇಬಲ್ ಒಂದಕ್ಕೆ 10 ರೂಪಾಯಿ ಹಿಡಿದರೂ 1,200 ಆಯಿತು. ಅಲ್ಯೂಮಿನಿಯಂ ತಗಡಿನ ಮೇಲೆ ಕೊರೆಸಿದರೆ 40 ರೂಪಾಯಿಯಂತೆ 4,800. ಸ್ಕ್ಯಾನರ್ ಬೇಕೇಬೇಕು ಎಂದಿಲ್ಲ, ಇರುವ ಫೋನೇ ಸಾಕು. ಅದೇ 120ಕ್ಕೆ ಆನ್‌ಮೆಟಲ್ ಟ್ಯಾಗ್ 150 ರೂಪಾಯಿಯಂತೆ 18,000. ಕೈಯಲ್ಲಿ ಹಿಡಿಯುವ ಒಳ್ಳೆಯ ರೀಡರ್ ಲಕ್ಷದ ಆಸುಪಾಸು. ಗೇಟಿಗೆ ಆಂಟೆನಾ ಸಮೇತ ಕೂರಿಸಿದರೆ ಇನ್ನೂ ಮೇಲೆ.

ಇದನ್ನು ಸಮಯಕ್ಕೆ ಹೋಲಿಸಿ. ನಡೆದಾಡುವುದು ಸೇರಿ ಮಷೀನಿಗೆ ಅರ್ಧ ನಿಮಿಷ ಹಿಡಿದರೆ, 120 ಮಷೀನು ಸ್ಕ್ಯಾನ್ ಮಾಡಲು ಒಂದು ಗಂಟೆ. ತಿಂಗಳಿಗೆ ಒಂದು ಗಂಟೆ ಉಳಿಸಲು ಲಕ್ಷ ಖರ್ಚು ಮಾಡುವುದು ಬೇಡ. ಆದರೆ 5,000 ಪೀಸು ಇದ್ದು ದಿನಾ ಎಣಿಸಬೇಕಾದರೆ? ಒಂದಕ್ಕೆ 5 ಸೆಕೆಂಡಾದರೂ ಸುಮಾರು 7 ಗಂಟೆ, ಅಂದರೆ ಒಬ್ಬ ಆಳಿನ ಇಡೀ ದಿನ. ಆರ್‌ಎಫ್‌ಐಡಿಯಲ್ಲಿ ಅದು ನಿಮಿಷಗಳ ಕೆಲಸ. ಅಲ್ಲಿ ಲಕ್ಷ ಹಾಕಿದರೂ ವಾಪಸ್ ಬರುತ್ತದೆ. ನಿಮ್ಮ ಸಂಖ್ಯೆ, ನೀವು ಎಣಿಸುವ ಸಲ, ಎರಡನ್ನೂ ಗುಣಿಸಿ ನೋಡಿ, ಉತ್ತರ ತಾನಾಗಿ ಬರುತ್ತದೆ.

ಆರ್‌ಎಫ್‌ಐಡಿ ಕಡೆ ಮನಸ್ಸು ಹೋದರೆ ಒಂದು ಎಚ್ಚರಿಕೆ. ನಮ್ಮ ದೇಶದಲ್ಲಿ ದೂರದಿಂದ ಓದುವ ಈ ಟ್ಯಾಗ್‌ಗಳಿಗೆ 865 ರಿಂದ 868 ಮೆಗಾಹರ್ಟ್ಸ್ ತರಂಗವನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿದ್ದಾರೆ. ಅಮೆರಿಕದ ರೀಡರ್‌ಗಳು 902 ರಿಂದ 928ರಲ್ಲಿ ಕೆಲಸ ಮಾಡುತ್ತವೆ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಅದನ್ನು ತರಿಸಬೇಡಿ. ಇಂಡಿಯಾದ ತರಂಗಕ್ಕೆ ಹೊಂದಿಸಿದ್ದು, ಇಲ್ಲಿಯ ಮಂಜೂರಾತಿ ಇರುವುದು ಎಂದು ಬಿಲ್ಲಿನಲ್ಲೇ ಬರೆಸಿಕೊಳ್ಳಿ.

ಐದನೆಯ ಹೆಜ್ಜೆ: 20 ಸಾಮಾನಿನ ಮೇಲೆ ಒಂದು ತಿಂಗಳು

ಪೂರ್ತಿ ಆರ್ಡರ್ ಕೊಡುವ ಮೊದಲು 20 ಸಾಮಾನಿಗೆ ಮಾತ್ರ ಹಾಕಿಸಿ. ಅತಿ ಕೊಳಕು ಜಾಗದಲ್ಲಿರುವುದನ್ನೇ ಆರಿಸಿ, ಆಫೀಸಿನ ಪ್ರಿಂಟರ್ ಬೇಡ. ಮಧ್ಯಾಹ್ನದ ಬಿಸಿಲಲ್ಲಿ ಫೋನಿನಿಂದ ಸ್ಕ್ಯಾನ್ ಮಾಡಿ. ರಾತ್ರಿ ಪಾಳಿಯವರ ಕೈಯಲ್ಲಿ ಮಾಡಿಸಿ. ಗೋಡೌನಿನ ಒಳಗೆ ನೆಟ್‌ವರ್ಕ್ ಇಲ್ಲದ ಮೂಲೆಯಲ್ಲಿ ಮಾಡಿ ನೋಡಿ. ನೆಟ್‌ವರ್ಕ್ ಇಲ್ಲದಾಗ ಆ್ಯಪ್ ಲೆಕ್ಕವನ್ನು ತನ್ನಲ್ಲೇ ಇಟ್ಟುಕೊಂಡು ಆಮೇಲೆ ಕಳಿಸಬೇಕು. ಕಳಿಸದಿದ್ದರೆ ಆ ಆ್ಯಪ್ ನಮ್ಮ ಕಡೆಗೆ ಆಗುವುದಿಲ್ಲ.

ಆರ್‌ಎಫ್‌ಐಡಿ ಗೇಟಾದರೆ ಎರಡು ಪರೀಕ್ಷೆ ಜಾಸ್ತಿ ಮಾಡಿ. ಗೇಟಿನ ಪಕ್ಕದ ಗೋಡೆ ಆಚೆ ಟ್ಯಾಗ್ ಇರುವ ಸಾಮಾನು ಇಟ್ಟು ನೋಡಿ, ಹೊರಗೆ ಹೋಗದಿದ್ದರೂ ಹೋಯಿತೆಂದು ಬರೆಯುತ್ತದಾ? ಒಂದೇ ಸಾಮಾನನ್ನು ಒಳಗೆ ತಂದು, ಹೊರಗೆ ಒಯ್ದು ನೋಡಿ, ಯಾವುದು ಬಂದದ್ದು ಯಾವುದು ಹೋದದ್ದು ಎಂದು ಗುರುತಿಸುತ್ತದಾ? ಒಂದೇ ಆಂಟೆನಾ ಇದ್ದರೆ ದಿಕ್ಕು ತಿಳಿಯುವುದು ಕಷ್ಟ.

ಆರನೆಯ ಹೆಜ್ಜೆ: ನಂಬರು ಕೊಡುವುದು, ಅಂಟಿಸುವುದು

ನಂಬರಿನಲ್ಲಿ ಅರ್ಥ ತುಂಬಬೇಡಿ. ಕೋಣೆ, ವಿಭಾಗ, ವರ್ಷ ಎಲ್ಲ ನಂಬರಿನಲ್ಲೇ ಸೇರಿಸುವವರಿದ್ದಾರೆ. ಮಷೀನು ಇನ್ನೊಂದು ಕೋಣೆಗೆ ಹೋದ ದಿನವೇ ಆ ನಂಬರು ಸುಳ್ಳಾಗುತ್ತದೆ. 1001ರಿಂದ ಶುರು ಮಾಡಿ ಸಾಲಾಗಿ ಕೊಡಿ. ಉಳಿದ ವಿವರ ಎಕ್ಸೆಲ್‌ನಲ್ಲೋ ಸಾಫ್ಟ್‌ವೇರ್‌ನಲ್ಲೋ ಇರಲಿ: ಕಂಪನಿ ಸೀರಿಯಲ್ ನಂಬರು, ಕೊಂಡ ದಿನ, ಬಿಲ್ಲಿನ ನಂಬರು, ಬೆಲೆ, ಈಗ ಯಾರ ಹತ್ತಿರ, ಒಂದು ಫೋಟೊ. ಗುಜರಿಗೆ ಹಾಕಿದ ಮಷೀನಿನ ನಂಬರನ್ನು ಇನ್ನೊಂದಕ್ಕೆ ಕೊಡಬೇಡಿ.

ಅಂಟಿಸುವ ಜಾಗ ಎಲ್ಲ ಮಷೀನಿಗೂ ಒಂದೇ ಇರಲಿ. ಹೊಲಿಗೆ ಮಷೀನಿಗಾದರೆ ತಲೆಭಾಗಕ್ಕೇ ಹಾಕಿ, ಟೇಬಲ್ಲಿಗೆ ಹಾಕಬೇಡಿ. ಟೇಬಲ್ಲು ಇಲ್ಲಿ ಉಳಿದು ತಲೆ ಮಾತ್ರ ಬೇರೆ ಕಡೆ ಹೋಗುವುದು ಸಾಮಾನ್ಯ. ಎಣ್ಣೆ ಸುರಿಯುವ ಕಡೆ, ಕೈ ಉಜ್ಜುವ ಕಡೆ, ಬೆಲ್ಟಿನ ಹತ್ತಿರ ಬೇಡ. ಮೊದಲು ಸ್ಪಿರಿಟ್ ಹಾಕಿ ಒರೆಸಿ, ಒಣಗಿದ ಮೇಲೆ ಒತ್ತಿ ಹಿಡಿಯಿರಿ. ತಗಡಾದರೆ ರಿವೆಟ್ ಹೊಡೆಯಿರಿ.

ಪಾತ್ರೆ ಬಾಡಿಗೆಗೆ ಕೊಡುವವರೂ ನನ್ನನ್ನು ಕೇಳುತ್ತಾರೆ. ನಮ್ಮ ಮನೆಗಳಲ್ಲಿ ಕೊಪ್ಪರಿಗೆ, ಹಂಡೆ ಮೇಲೆ ಹೆಸರು ಕೊರೆಸುತ್ತಿದ್ದದ್ದು ಯಾಕೆ? ಮದುವೆ ಮನೆಗೆ ಕೊಟ್ಟದ್ದು ವಾಪಸ್ ಬರುವಾಗ ಯಾರದೆಂದು ತಿಳಿಯಲಿ ಎಂದು. ದಿನಾ ಬೂದಿ, ನಾರು ಹಾಕಿ ತಿಕ್ಕುವ ಸ್ಟೀಲ್ ಪಾತ್ರೆಗೆ ಅದೇ ದಾರಿ ಸರಿ. ಲೇಸರ್‌ನಲ್ಲಿ ನಂಬರಿನ ಜೊತೆ ಸಣ್ಣ ಕ್ಯೂಆರ್ ಕೂಡ ಕೊರೆಸಬಹುದು. ಹೊಳಪಿರುವ ಸ್ಟೀಲಿನಲ್ಲಿ ಬೆಳಕು ಹೊಡೆದು ಕೆಲವು ಫೋನ್ ಓದುವುದಿಲ್ಲ, ಆ ಜಾಗವನ್ನು ಮೊದಲು ಮಸುಕು ಮಾಡಿಸಿ.

ಏಳನೆಯ ಹೆಜ್ಜೆ: ರೂಢಿ ಮತ್ತು ಕಾಗದ

ಒಂದೇ ನಿಯಮ ಇಡಿ: ಸ್ಕ್ಯಾನ್ ಆಗದೆ ಸಾಮಾನು ಗೇಟು ದಾಟಬಾರದು. ಯಜಮಾನರ ತಮ್ಮನೇ ಒಯ್ದರೂ ಸರಿ. ಮೊದಲ ತಿಂಗಳು ನೀವೇ ಗೇಟಿನ ಹತ್ತಿರ ನಿಂತರೆ ಜನ ಕಲಿಯುತ್ತಾರೆ. ಸ್ಕ್ಯಾನ್ ಮಾಡುವವರನ್ನು ಬೈಯಬೇಡಿ. "ತಪ್ಪಾದರೆ ಸಂಬಳ ಕಟ್" ಅಂದ ಕಡೆ, ಕಳೆದ ಸಾಮಾನನ್ನೂ ಇದೆ ಎಂದು ಬರೆದದ್ದನ್ನು ನಾನು ಕಂಡಿದ್ದೇನೆ.

ಜಿಎಸ್‌ಟಿ ಇರುವವರಿಗೆ ಈ ಲೆಕ್ಕ ಕಾನೂನಿಗೂ ಬೇಕು. ತೆರಿಗೆ ಕಟ್ಟದೆ ಜಾಬ್‌ವರ್ಕ್‌ಗೆ ಕಳಿಸಿದ ಬಟ್ಟೆ 1 ವರ್ಷದೊಳಗೆ, ಮಷೀನು 3 ವರ್ಷದೊಳಗೆ ವಾಪಸ್ ಬರಬೇಕು ಎಂದು ಕಾಯ್ದೆಯ 143ನೇ ಸೆಕ್ಷನ್ ಹೇಳುತ್ತದೆ. ಬರದಿದ್ದರೆ ಕಳಿಸಿದ ದಿನವೇ ಮಾರಿದಂತೆ ಲೆಕ್ಕ. ಅಚ್ಚು, ಜಿಗ್, ಉಪಕರಣಗಳಿಗೆ ಈ ಗಡುವು ಇಲ್ಲ. ಜೀನ್ಸ್ ಯೂನಿಟ್‌ಗಳಲ್ಲಿ ಕಳಿಸಿದ ತಾರೀಖೇ ಗೊತ್ತಿರುವುದಿಲ್ಲ. ಸ್ಕ್ಯಾನ್ ಮಾಡಿದರೆ ತಾರೀಖು ತಾನಾಗಿ ದಾಖಲಾಗುತ್ತದೆ, ಜಾಬ್‌ವರ್ಕ್ ವಿವರದ ಜಿಎಸ್‌ಟಿ ಫಾರ್ಮ್ ಐಟಿಸಿ-04 ತುಂಬುವಾಗ ಆಡಿಟರಿಗೆ ಅದನ್ನೇ ಕೊಡಬಹುದು.

ಸಾಫ್ಟ್‌ವೇರ್ ಮಾರುವವರನ್ನು ದುಡ್ಡು ಕೊಡುವ ಮೊದಲು ಇಷ್ಟು ಕೇಳಿ. ನಮ್ಮ ಪಟ್ಟಿ ಪೂರ್ತಿ ಎಕ್ಸೆಲ್‌ಗೆ ಇಳಿಯುತ್ತದಾ? ಕನ್ನಡದಲ್ಲಿ ಹೆಸರು ಬರೆಯಬಹುದಾ? ವರ್ಷಕ್ಕೆ ಎಷ್ಟು ಕಟ್ಟಬೇಕು? ರೀಡರ್ ಕೆಟ್ಟರೆ ಇಲ್ಲಿಗೇ ಬಂದು ರಿಪೇರಿ ಮಾಡುತ್ತಾರಾ, ನಾವೇ ಕೊರಿಯರ್ ಮಾಡಬೇಕಾ? ಇವತ್ತು ಬಾರ್‌ಕೋಡ್ ಹಾಕಿಸಿ ಎರಡು ವರ್ಷಕ್ಕೆ ಆರ್‌ಎಫ್‌ಐಡಿಗೆ ಹೋದರೆ ಅದೇ ನಂಬರು ನಡೆಯುತ್ತದಾ?

ಕೌಲ್‌ಬಜಾರ್‌ನ ಆ ಯೂನಿಟ್‌ಗೆ ಕೊನೆಗೆ ಅಲ್ಯೂಮಿನಿಯಂ ತಗಡಿನ ಕ್ಯೂಆರ್ ಹಾಕಿದೆವು, 1001ರಿಂದ. ಜಾಬ್‌ವರ್ಕ್ ಮನೆಗಳಿಗೆ ನಾವೇ ಹೋಗಿ ರಿವೆಟ್ ಹೊಡೆದೆವು. ಒಂದು ಮನೆಯ ಅಕ್ಕ ಚಹಾ ಕೊಟ್ಟು, "ಇದು ನಿಮ್ಮದ ಏನ್ರಿ? ಮೊದಲ ಹೊಲೀತಿದ್ದಾಕಿ ಊರಿಗೆ ಹೋಗೂಮುಂದ ಇಟ್ಟ ಹೋಗ್ಯಾಳ" ಎಂದು ಒಳಕೋಣೆಯ ಮೂಲೆ ತೋರಿಸಿದರು. ಸೀರೆ ಹೊದಿಸಿ ಜೋಪಾನವಾಗಿ ಇಟ್ಟಿದ್ದರು. ಹೀಗೆ ಆರರಲ್ಲಿ ನಾಲ್ಕು ಸಿಕ್ಕವು. ಉಳಿದೆರಡರ ಸಾಲಿನಲ್ಲಿ ಸೀರಿಯಲ್ ನಂಬರು ಬರೆದು, ಮುಂದೆ "ಸಿಕ್ಕಿಲ್ಲ" ಎಂದು ತಾರೀಖು ಹಾಕಿದೆವು.